ಅಂಗಳದ ಮೂಲೆಯ ಹೊಯಿಗೆ, ಗಾಜಿನ ತೊಟ್ಟಿಯ ತಳಕ್ಕೆ

ಮನೆ ಒಕ್ಕಲಾಗಿ ವರ್ಷ ಕಳೆದರೂ ಅಂಗಳದ ಮೂಲೆಯಲ್ಲಿ ಒಂದಿಷ್ಟು ಹೊಯಿಗೆ ಉಳಿದೇ ಇರುತ್ತದೆ. ಬದಿಯಡ್ಕ ಪೇಟೆಯಿಂದ ನೀರ್ಚಾಲಿನ ಕಡೆಗೆ ಹೋಗಿ, ಪೆರ್ಲದ ಕಡೆಗೆ ಹೋಗಿ, ಮುಳ್ಳೇರಿಯದ ದಾರಿ ಹಿಡಿಯಿರಿ, ಹೊಸ ಮನೆಗಳ ಬದಿಯಲ್ಲಿ ಆ ಗುಪ್ಪೆ ಕಾಣಿಸುತ್ತದೆ. ಸಾರಣೆಗೆಂದು ತರಿಸಿ ಮಿಕ್ಕಿದ್ದು. ಅದರ ಮೇಲೆ ಹುಲ್ಲು ಹುಟ್ಟಿರುತ್ತದೆ, ಮಳೆಗೆ ಅಂಚು ಕರಗಿ ಅರ್ಧ ಮಣ್ಣಿಗೆ ಸೇರಿರುತ್ತದೆ. ಅದೇ ಮನೆಯ ಮಕ್ಕಳು ಮೀನು ಸಾಕಬೇಕೆಂದು ಹಠ ಹಿಡಿದಾಗ ದೊಡ್ಡವರು ಕಾಸರಗೋಡಿನಿಂದಲೋ ಪುತ್ತೂರಿನಿಂದಲೋ ಗಾಜಿನ ತೊಟ್ಟಿ, ಗಾಳಿಯ ಪಂಪು, ನಾಲ್ಕು ಗಪ್ಪಿ ಮೀನು ತರುತ್ತಾರೆ. ಜೊತೆಗೆ ಬಣ್ಣ ಬಳಿದ ಕಲ್ಲು, ಹೊಯಿಗೆಯ ಪೊಟ್ಟಣಗಳೂ ಬರುತ್ತವೆ. ತಳಕ್ಕೆ ಹಾಸುವ ಈ ಸರಕಿಗೆ ಕಿಲೋ ಲೆಕ್ಕದಲ್ಲಿ ತೆತ್ತ ದುಡ್ಡು ಎಷ್ಟೋ ಸಲ ಮೀನಿನ ಬೆಲೆಯನ್ನೇ ಮೀರಿರುತ್ತದೆ.

ಅಂಗಳದ ಆ ಗುಪ್ಪೆ ಪೊಟ್ಟಣದ ಹೊಯಿಗೆಗೆ ಯಾವುದರಲ್ಲೂ ಕಡಿಮೆಯಲ್ಲ ಎಂಬುದನ್ನು ಹೇಳಲೆಂದೇ ಈ ಲೇಖನ. ಆದರೆ ಎರಡು ಸಂಗತಿ ಗೊತ್ತಿರಬೇಕು. ಅದು ಎಲ್ಲಿಂದ ಬಂತು? ಅದರೊಳಗೆ ಏನೇನು ಸೇರಿಕೊಂಡಿದೆ? ಇವೆರಡಕ್ಕೆ ಉತ್ತರ ಸಿಕ್ಕರೆ ಉಳಿಯುವುದು ತೊಳೆಯುವ ಕೆಲಸ ಮಾತ್ರ. ಮೀನು ಸತ್ತವೆಂದು ಬೇಸರಪಡುವ ಮನೆಗಳಲ್ಲಿ ಬಹುಪಾಲು ಈ ಮೊದಲ ಪ್ರಶ್ನೆಯನ್ನು ಯಾರೂ ಕೇಳಿಯೇ ಇರುವುದಿಲ್ಲ.

ತಳಕ್ಕೆ ಹೊಯಿಗೆ ಹಾಸುವುದು ಚಂದಕ್ಕಾಗಿ ಎಂದು ಹಲವರು ತಿಳಿದಿದ್ದಾರೆ. ಆದರೆ ಅದಕ್ಕೆ ಬೇರೆ ಕೆಲಸವೂ ಇದೆ. 1850ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್‌ಟನ್ ತನ್ನ ಗಾಜಿನ ಪಾತ್ರೆಯ ಪ್ರಯೋಗವನ್ನು ಅಲ್ಲಿನ ಕೆಮಿಕಲ್ ಸೊಸೈಟಿಯ ಮುಂದಿಟ್ಟ. ಪಾತ್ರೆಯಲ್ಲಿದ್ದದ್ದು ಎರಡು ಗೋಲ್ಡ್‌ಫಿಶ್, ವ್ಯಾಲಿಸ್ನೇರಿಯಾ ಎಂಬ ನೀರುಗಿಡ, ಕೊಳೆತ ಎಲೆ ತಿನ್ನುವ ಬಸವನಹುಳಗಳು. ತಳದಲ್ಲಿ ಹೊಯಿಗೆ ಮತ್ತು ಕೆಸರು. ಮೀನು, ಗಿಡ, ಹುಳ ಒಂದನ್ನೊಂದು ಪೊರೆದುಕೊಂಡು ಬದುಕಬಲ್ಲವೆಂದು ತೋರಿಸಿದ ಮೊದಲ ತೊಟ್ಟಿಗಳಲ್ಲಿ ಅದೂ ಒಂದು. ಹೊಯಿಗೆ ಮಾಡುವ ಕೆಲಸ ಏನೆಂಬುದು ಮುಂದೆ, 1890ರ ಸುಮಾರಿಗೆ, ರಷ್ಯಾದ ಸೆರ್ಗೆಯ್ ವಿನೊಗ್ರಾದ್‌ಸ್ಕಿ ನೈಟ್ರೀಕರಣದ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿ ತೋರಿಸಿದ ಮೇಲೆ ತಿಳಿಯಾಯಿತು. ಮೀನಿನ ಹಿಕ್ಕೆಯಿಂದ, ಉಳಿದ ತಿಂಡಿಯಿಂದ ಅಮೋನಿಯಾ ಹುಟ್ಟುತ್ತದೆ. ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆಯದು ಅದನ್ನು ನೈಟ್ರೇಟ್ ಆಗಿ ಮಾರ್ಪಡಿಸುತ್ತದೆ, ಗಿಡಗಳು ಅದನ್ನು ಉಣ್ಣುತ್ತವೆ. ಈ ಬ್ಯಾಕ್ಟೀರಿಯಾಗಳಿಗೆ ಅಂಟಿಕೊಳ್ಳಲು ಜಾಗ ಬೇಕು. ಹೊಯಿಗೆಯ ಕಾಳುಗಳು ಅಂಥ ಜಾಗ.

ಹೊಯಿಗೆ ನೀರನ್ನು ಕಾಯುತ್ತದೆ ಎಂಬುದಕ್ಕೆ ಇತಿಹಾಸದಲ್ಲಿ ದೊಡ್ಡ ಸಾಕ್ಷಿಯಿದೆ. 1892ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಕಾಲರಾ ಬಂದು ಎಂಟು ಸಾವಿರಕ್ಕೂ ಹೆಚ್ಚು ಜನ ಸತ್ತರು. ಪಕ್ಕದಲ್ಲೇ ಅಂಟಿಕೊಂಡಿದ್ದ ಆಲ್ಟೋನಾ ಊರು ಅದೇ ಎಲ್ಬ್ ನದಿಯ ನೀರನ್ನೇ ಕುಡಿಯುತ್ತಿತ್ತು, ಆದರೆ ಹೊಯಿಗೆಯ ಹಾಸಿನಲ್ಲಿ ನಿಧಾನವಾಗಿ ಸೋಸಿ. ಆ ಊರು ಹೆಚ್ಚುಕಡಿಮೆ ಉಳಿದುಕೊಂಡಿತು. ಎರಡಡಿಯ ಗಾಜಿನ ತೊಟ್ಟಿಗೆ ಇಷ್ಟು ದೊಡ್ಡ ಮಾತು ಯಾಕೆ ಎನ್ನಬೇಡಿ; ಅಲ್ಲಿ ಹೊಯಿಗೆಯ ಮೇಲೆ ಬೆಳೆದ ಜೀವಪದರ ಮಾಡಿದ್ದನ್ನೇ ಅಂಥದೇ ಪದರ ನಿಮ್ಮ ತೊಟ್ಟಿಯ ತಳದಲ್ಲಿಯೂ ಸಣ್ಣದಾಗಿ ಮಾಡುತ್ತದೆ.

ಸುರಂಗದ ನೀರಿಗೆ ಯಾವ ಹೊಯಿಗೆ?

ಹೊಯಿಗೆ ಆರಿಸುವ ಮೊದಲು ನಮ್ಮ ನೀರನ್ನು ತಿಳಿಯಬೇಕು. ಬದಿಯಡ್ಕ, ಎಣ್ಮಕಜೆ, ಪೈವಳಿಕೆ ಸುತ್ತಿನ ಗುಡ್ಡಗಳಲ್ಲಿ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ಮಾಡಿದ ಸುರಂಗಗಳು ಸಾವಿರಾರು ಇವೆ. ಒಬ್ಬ ಆಳು ನಿಂತು ಪಿಕ್ಕಾಸು ಬೀಸುವಷ್ಟು ಅಗಲ, ಎತ್ತರ. ಒಳಗಿನ ಒರತೆ ಪಂಪಿಲ್ಲದೆ ತಾನಾಗಿ ಹೊರಗೆ ಹರಿದು ಬರುತ್ತದೆ. ಮುರಕಲ್ಲಿನಲ್ಲಿ ಸುಣ್ಣದ ಅಂಶ ತೀರ ಕಡಿಮೆ. ಲಕ್ಷಾಂತರ ವರ್ಷಗಳ ಮಳೆ ಅದನ್ನೆಲ್ಲ ತೊಳೆದು ಕಬ್ಬಿಣ, ಅಲ್ಯೂಮಿನಿಯಂಗಳನ್ನು ಮಾತ್ರ ಉಳಿಸಿದೆ. ಆದ್ದರಿಂದ ಸುರಂಗದ ನೀರೂ ಗುಡ್ಡದ ಬಾವಿಯ ನೀರೂ ಬಹಳ ಮೃದು. ಸೋಪು ಬೇಗ ನೊರೆ ಕೊಡುತ್ತದೆ, ಹಂಡೆಯಲ್ಲಿ ಬಿಳಿ ಹಕ್ಕಳೆ ಕಟ್ಟುವುದಿಲ್ಲ. ನೆಲದೊಳಗಿನ ಇಂಗಾಲದ ಡೈ ಆಕ್ಸೈಡ್ ಕರಗಿರುವುದರಿಂದ ಅದಕ್ಕೆ ತುಸು ಆಮ್ಲಗುಣವೂ ಇರುತ್ತದೆ. ಒಂದು ರಾತ್ರಿ ಗಾಳಿಯಾಡಿಸಿ ಇಟ್ಟರೆ ಆ ಆಮ್ಲಗುಣ ಸ್ವಲ್ಪ ಇಳಿಯುತ್ತದೆ.

ಮೃದು ನೀರಿಗೆ ಕರಗಿಸುವ ಶಕ್ತಿ ಹೆಚ್ಚು. ಬಯಲುಸೀಮೆಯ ಗಡಸು ನೀರಿನ ತೊಟ್ಟಿಯಲ್ಲಿ ನಾಲ್ಕು ಚಿಪ್ಪಿನ ಚೂರು ಬಿದ್ದಿದ್ದರೆ ವ್ಯತ್ಯಾಸ ಗೊತ್ತಾಗದಿರಬಹುದು. ಬದಿಯಡ್ಕದ ನೀರಿನಲ್ಲಿ ಅದೇ ಚೂರು ದಿನದಿಂದ ದಿನಕ್ಕೆ ಕರಗುತ್ತಾ ನೀರಿನ ಗುಣವನ್ನೇ ಬದಲಿಸುತ್ತದೆ. ಟೆಟ್ರಾ, ಏಂಜೆಲ್, ಫೈಟರ್ ಮೀನುಗಳಿಗೆ ನಮ್ಮ ನೀರು ಇರುವಂತೆಯೇ ಒಪ್ಪುತ್ತದೆ. ಅವುಗಳ ತೊಟ್ಟಿಗೆ ಏನನ್ನೂ ಬಿಟ್ಟುಕೊಡದ, ಕರಗದ ಹೊಯಿಗೆ ಬೇಕು. ಗಪ್ಪಿ ಮತ್ತು ಮೊಲ್ಲಿಗಳ ಮಾತು ಬೇರೆ. ಅವಕ್ಕೆ ಸುಣ್ಣದ ಅಂಶವಿರುವ ನೀರು ಹಿತ. ಅಂಥ ತೊಟ್ಟಿಯಲ್ಲಿ ಒಂದು ಹಿಡಿ ಚಿಪ್ಪಿನ ಚೂರು ಇದ್ದರೆ ಒಳ್ಳೆಯದೇ.

ಈಗ ಹೊಯಿಗೆಯ ಮೂಲಕ್ಕೆ ಬರೋಣ. ಎಲ್ಲರ ಮನಸ್ಸಿಗೂ ಮೊದಲು ಬರುವುದು ಹೊಳೆ. ಶಿರಿಯ ಹೊಳೆಯ, ಪಯಸ್ವಿನಿಯ ಹೊಯಿಗೆ ಉರುಟು ಕಾಳಿನದು, ನೋಡಲು ಚಂದ, ಮೀನಿಗೂ ಹಿತ. ಆದರೆ ಕೇರಳದಲ್ಲಿ 2001ರ ನದಿದಂಡೆ ಸಂರಕ್ಷಣೆ ಮತ್ತು ಮರಳುಗಾರಿಕೆ ನಿಯಂತ್ರಣ ಕಾಯ್ದೆ ಇದೆ, ಅನುಮತಿಯಿಲ್ಲದೆ ಹೊಳೆಯ ಹೊಯಿಗೆ ತೆಗೆಯುವಂತಿಲ್ಲ. ಒಂದು ಬಾಲ್ದಿ ತೆಗೆದರೆ ಹೊಳೆ ಬತ್ತುತ್ತದೆಯೇ ಎಂದು ಕೇಳುವವರಿದ್ದಾರೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2022ರಲ್ಲಿ ಕೊಟ್ಟ ಲೆಕ್ಕದಂತೆ ಜಗತ್ತು ವರ್ಷಕ್ಕೆ 5,000 ಕೋಟಿ ಟನ್ ಮರಳು-ಜಲ್ಲಿ ಬಳಸುತ್ತಿದೆ. ಹೊಳೆಯ ತಳದ ಹೊಯಿಗೆ ಮಳೆಗಾಲದ ನೀರನ್ನು ಹಿಡಿದಿಟ್ಟು ಬೇಸಗೆಗೆ ಬಿಟ್ಟುಕೊಡುತ್ತದೆ. ಅದು ಹೋದ ಕಡೆ ಪಕ್ಕದ ಬಾವಿಗಳ ನೀರೂ ಇಳಿಯುತ್ತದೆ. ಅಂಗಳದಲ್ಲಿ ಆಗಲೇ ಬಂದು ಬಿದ್ದ ಹೊಯಿಗೆ ಇರುವಾಗ ಹೊಳೆಗೆ ಇಳಿಯಲು ನನಗಂತೂ ಯಾವ ನ್ಯಾಯವೂ ಕಾಣುವುದಿಲ್ಲ.

ಕುಂಬಳೆ, ಬೇಕಲದ ಕಡಲತೀರದ ಹೊಯಿಗೆಯೂ ಬೇಡ. ಕರಾವಳಿ ನಿಯಂತ್ರಣ ವಲಯದ ನಿಯಮ ಅದಕ್ಕೆ ಅಡ್ಡ ಬರುತ್ತದೆ. ಮೇಲಾಗಿ ಅದರಲ್ಲಿರುವುದು ಉಪ್ಪು ಮತ್ತು ಚಿಪ್ಪಿನ ಪುಡಿ. ಉಪ್ಪನ್ನು ತೊಳೆದು ತೆಗೆಯಬಹುದು, ಚಿಪ್ಪನ್ನು ತೆಗೆಯಲಾಗದು.

ಅಡಿಕೆ ತೋಟದ ತೋಡಿನ ಹೊಯಿಗೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ತೋಟದ ನಡುವೆ ತಿಳಿನೀರು ಹರಿಯುವ ತೋಡಿನಲ್ಲಿ ಕಾಣುವ ಬಿಳಿ ಹೊಯಿಗೆ ಎಂಥವರನ್ನೂ ಸೆಳೆಯುತ್ತದೆ. ಆದರೆ ಆ ತೋಟಕ್ಕೆ ಪ್ರತಿ ಮಳೆಗಾಲ ಬೋರ್ಡೋ ದ್ರಾವಣ ಬೀಳುತ್ತದೆ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೆ ಕೊಳೆರೋಗದ ಅಧ್ಯಯನ ನಡೆಸಿ ಈ ದ್ರಾವಣವನ್ನು ಅಡಿಕೆಗೆ ತಂದರು, ಅಂದಿನಿಂದ ಅದು ಅಡಿಕೆ ಬೆಳೆಗಾರನ ಕೈಬಿಡದ ಮದ್ದು. ಅದರ ತಾಮ್ರ ಮಣ್ಣಿಗೆ ಇಳಿದು ಮಣ್ಣಿನಲ್ಲೇ ಸೇರುತ್ತಾ ಹೋಗುತ್ತದೆ. ಶಿಲೀಂಧ್ರವನ್ನು ಕೊಲ್ಲುವ ಆ ತಾಮ್ರ ನೀರಿನಲ್ಲಿ ಸಿಗಡಿಯನ್ನೂ ಬಸವನಹುಳವನ್ನೂ ಕೊಲ್ಲುತ್ತದೆ, ಮೀನಿನ ಕಿವಿರನ್ನು ಕೆಡಿಸುತ್ತದೆ. ಮೃದು ನೀರಿನಲ್ಲಿ ತಾಮ್ರದ ವಿಷ ಇನ್ನಷ್ಟು ತೀವ್ರ, ಅಂದರೆ ನಮ್ಮ ನೀರಿನಲ್ಲಿ. ಹಾಗಾಗಿ ತೋಡಿನ ಹೊಯಿಗೆ ಮಾತ್ರವಲ್ಲ, ಮೈಲುತುತ್ತು ಕಲಸಿದ ಬ್ಯಾರೆಲ್, ಬಾಲ್ದಿ, ಕೋಲು ಯಾವುದೂ ಈ ಕೆಲಸದ ಹತ್ತಿರ ಸುಳಿಯಬಾರದು.

ಇದೇ ನೆಲದಲ್ಲಿ ಇನ್ನೊಂದು ವಿಷದ ಕಥೆಯೂ ಇದೆ. 1970ರ ದಶಕದ ಕೊನೆಯಿಂದ 2000ದವರೆಗೆ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಎಣ್ಮಕಜೆಯ ಜೊತೆಗೆ ಬದಿಯಡ್ಕವೂ ಸಂತ್ರಸ್ತ ಪಂಚಾಯತುಗಳ ಪಟ್ಟಿಯಲ್ಲಿದೆ. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದನ್ನು ನಿಲ್ಲಿಸಿತು. ಮನುಷ್ಯರ ಮನೆಮನೆಯಲ್ಲಿ ಅದು ಉಳಿಸಿಹೋದ ನೋವಿನ ಮುಂದೆ ಮೀನಿನ ಮಾತು ಸಣ್ಣದು. ಆದರೂ ಎಂಡೋಸಲ್ಫಾನ್ ಮೀನಿಗೆ ಅತಿ ಕ್ರೂರವಾದ ವಿಷಗಳಲ್ಲಿ ಒಂದು, ಮಣ್ಣಿನ ನಯವಾದ ಕಣಕ್ಕೆ ಅಂಟಿಕೊಳ್ಳುವುದು ಅದರ ಗುಣ. ಹೊಯಿಗೆ ಯಾವ ನೆಲದಿಂದ ಬಂತೆಂದು ಕೇಳುವುದು ನಮ್ಮ ಊರಿನಲ್ಲಿ ಅತಿ ಜಾಗ್ರತೆಯಲ್ಲ.

ಹಾಗಾದರೆ ಉಳಿದದ್ದೇನು? ಮನೆಕೆಲಸಕ್ಕೆ ಪಾಸಿನ ಮೇಲೆ ಬಂದ ಹಳೆಯ ಹೊಳೆ ಹೊಯಿಗೆಯ ಗುಪ್ಪೆ ಉಳಿದಿದ್ದರೆ ಅದೇ ಮೊದಲ ಆಯ್ಕೆ. ಅದಿಲ್ಲದಿದ್ದರೆ ಎಂ-ಸ್ಯಾಂಡ್. ಇಂದು ಬಹುತೇಕ ಅಂಗಳಗಳಲ್ಲಿ ಇರುವುದೂ ಅದೇ. ಕರಿಕಲ್ಲನ್ನು ಯಂತ್ರದಲ್ಲಿ ಒಡೆದು ಮಾಡಿದ್ದು. ಅದು ನೀರಿನಲ್ಲಿ ಕರಗುವುದಿಲ್ಲ, ಸುಣ್ಣ ಬಿಡುವುದಿಲ್ಲ. ಅದರ ದೋಷ ಎರಡು. ಒಂದು, ಕಾಳಿನ ಅಂಚು ಚೂಪು. ಗಪ್ಪಿ, ಟೆಟ್ರಾಗಳಂತೆ ನಡುನೀರಿನಲ್ಲಿ ಈಜುವ ಮೀನಿಗೆ ಅದರಿಂದ ತೊಂದರೆಯಿಲ್ಲ. ತಳದ ಹೊಯಿಗೆಯನ್ನು ಬಾಯಿಗೆಳೆದು ಕಿವಿರಿನಿಂದ ಹೊರಬಿಡುವ ಕೊರಿಡೋರಸ್‌ನಂಥ ಮೀನುಗಳಿಗೆ ಮಾತ್ರ ಅದು ಬೇಡ. ಎರಡನೆಯದು ಧೂಳು. ಭಾರತೀಯ ಮಾನಕ ಐಎಸ್ 383ರಲ್ಲಿ 75 ಮೈಕ್ರಾನಿಗಿಂತ ಸಣ್ಣ ಪುಡಿ ಸಹಜ ಮರಳಿನಲ್ಲಿ ತೂಕದ ನೂರಕ್ಕೆ 3ನ್ನು ಮೀರಬಾರದೆಂದಿದ್ದರೆ, ಒಡೆದ ಮರಳಿಗೆ 15ರವರೆಗೆ ಸಲಿಗೆಯಿದೆ. ಅಂದರೆ 15 ಕಿಲೋ ಎಂ-ಸ್ಯಾಂಡಿನಲ್ಲಿ ಎರಡು ಕಿಲೋಗೂ ಮೀರಿ ಬರೀ ಧೂಳಿರಬಹುದು. ಅದಷ್ಟನ್ನೂ ತೊಳೆದು ಹೊರಹಾಕುವವರೆಗೆ ನಿಮ್ಮ ತೊಟ್ಟಿ ತಿಳಿಯಾಗದು.

ಅಮೆರಿಕದ ಮೀನುಪ್ರಿಯರೂ ಇದೇ ದಾರಿಯವರು. ಅಲ್ಲಿ ಮಕ್ಕಳ ಆಟದ ಹೊಂಡಕ್ಕೆಂದು ಮಾರುವ ಹೊಯಿಗೆಯನ್ನೂ ಈಜುಕೊಳದ ಫಿಲ್ಟರಿಗೆ ಹಾಕುವ ಅರ್ಧ ಮಿಲಿಮೀಟರ್ ಆಸುಪಾಸಿನ ಸಿಲಿಕಾ ಮರಳನ್ನೂ ತಂದು ತೊಳೆದು ತೊಟ್ಟಿಗೆ ಹಾಕುತ್ತಾರೆ. ನಮ್ಮಲ್ಲಿಯೂ ನೀರಿನ ಫಿಲ್ಟರ್ ಜೋಡಿಸುವ ಅಂಗಡಿಗಳಲ್ಲಿ ಅಂಥ ಮರಳು ಸಿಗುತ್ತದೆ. ತೊಳೆಯಲು ಪುರುಸೊತ್ತಿಲ್ಲದವರಿಗೆ ಅದು ಒಳ್ಳೆಯದು, ಅಕ್ವೇರಿಯಂ ಅಂಗಡಿಯ ಪೊಟ್ಟಣಕ್ಕಿಂತ ಅಗ್ಗವೂ ಹೌದು.

ಅಡುಗೆಮನೆಯಲ್ಲೇ ಪರೀಕ್ಷೆ

ಗುಪ್ಪೆಯ ಮೇಲ್ಭಾಗವನ್ನು ಸರಿಸಿ ಒಳಗಿನಿಂದ ತೆಗೆಯಿರಿ. ಮೇಲೆ ಬೆಕ್ಕು, ನಾಯಿ, ಕೋಳಿ ಓಡಾಡಿರುತ್ತವೆ. ಕಟ್ಟಡದ ಹೊಯಿಗೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಹೆದರಬೇಕಾದದ್ದು ಸಿಮೆಂಟಿಗೆ. ಸಾರಣೆಗೆ ಕಲಸಿದ ಜಾಗದ್ದಾದರೆ ಅದರಲ್ಲಿ ಸಿಮೆಂಟಿನ ಪುಡಿ, ಬೂದು ಬಣ್ಣದ ಗಟ್ಟಿ ಉಂಡೆ ಸೇರಿರಬಹುದು. ಸಿಮೆಂಟು ನೀರಿಗೆ ಸುಣ್ಣ ಬಿಟ್ಟು ತೀವ್ರ ಕ್ಷಾರ ಮಾಡುತ್ತದೆ, ಮೀನು ಗಂಟೆಗಳಲ್ಲಿ ಸಾಯುತ್ತದೆ. ಇದನ್ನು ಕಂಡುಹಿಡಿಯಲು ಅರಿಶಿನ ಸಾಕು. ಒಂದು ಲೋಟ ಹೊಯಿಗೆಯನ್ನು ಅಷ್ಟೇ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬೆಳಗ್ಗೆ ಮೇಲಿನ ತಿಳಿಯನ್ನು ಬಿಳಿ ಬಟ್ಟಲಿಗೆ ಬಸಿದು ಚಿಟಿಕೆ ಅರಿಶಿನ ಕದಡಿ. ಹಳದಿಯಾಗಿಯೇ ಉಳಿದರೆ ಭಯವಿಲ್ಲ. ಕೆಂಪಿಗೆ ತಿರುಗಿದರೆ ಆ ಹೊಯಿಗೆಯನ್ನು ಬಿಟ್ಟುಬಿಡಿ. ಆರತಿಗೆ ಅರಿಶಿನ ನೀರಿಗೆ ಸುಣ್ಣ ಬೆರೆಸಿ ಕೆಂಪು ಮಾಡುವುದು ಎಲ್ಲ ಮನೆಗಳಲ್ಲಿ ಗೊತ್ತಿರುವುದೇ. ಇಲ್ಲಿ ನಡೆಯುವುದೂ ಅದೇ.

ಚಿಪ್ಪು, ಸುಣ್ಣಕಲ್ಲುಗಳಿಗೆ ಇನ್ನೊಂದು ಪರೀಕ್ಷೆ. ಒಣಗಿದ ಹೊಯಿಗೆ ಒಂದು ಚಮಚ ತಟ್ಟೆಗೆ ಹಾಕಿ, ಅದು ಮುಳುಗುವಷ್ಟು ವಿನೆಗರ್ ಹೊಯ್ದು ಕಿವಿ ಹತ್ತಿರ ಹಿಡಿಯಿರಿ. ಸಣ್ಣಗೆ ಚುರುಚುರು ಸದ್ದಾಗಿ ಗುಳ್ಳೆ ಏಳುತ್ತಿದ್ದರೆ ಸುಣ್ಣವಿದೆ. ಹೊಯ್ದ ಕ್ಷಣ ಕಾಳುಗಳ ನಡುವಿನ ಗಾಳಿ ಮೇಲೆದ್ದು ಬರುವುದನ್ನು ಗುಳ್ಳೆಯೆಂದು ತಿಳಿಯಬೇಡಿ, ಒಂದು ನಿಮಿಷದ ಮೇಲೂ ಏಳುತ್ತಿದೆಯೇ ನೋಡಿ. ವಿನೆಗರ್ ಇಲ್ಲದಿದ್ದರೆ ಹುಳಿ ಲಿಂಬೆಯ ರಸವೂ ನಡೆಯುತ್ತದೆ, ಸ್ವಲ್ಪ ನಿಧಾನ.

ಕೊನೆಗೆ ಒಂದು ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಣ ಹೊಯಿಗೆಯಲ್ಲಿ ಆಡಿಸಿ. ಕರಿ ಕಾಳುಗಳೂ, ಕಟ್ಟಡದ ಕೆಲಸದಲ್ಲಿ ಉದುರಿದ ಮೊಳೆ, ತಂತಿಯ ಚೂರುಗಳೂ ಅಂಟಿಕೊಂಡು ಬರುತ್ತವೆ. ಕಬ್ಬಿಣದ ಕರಿ ಕಾಳು ಮೀನಿಗೆ ಕೆಡುಕು ಮಾಡದು. ಆದರೆ ಗಾಜು ಒರೆಸಲು ಅಯಸ್ಕಾಂತದ ಉಜ್ಜುಗ ಬಳಸುವವರ ಮನೆಯಲ್ಲಿ ಆ ಕಾಳು ಉಜ್ಜುಗಕ್ಕೆ ಹತ್ತಿಕೊಂಡು ಗಾಜಿನ ಉದ್ದಕ್ಕೂ ಗೀರು ಎಳೆಯುತ್ತದೆ. ಗಾಜಿನ ಗೀರು ಮತ್ತೆ ಅಳಿಸದು.

ಜರಡಿ ಹಿಡಿಯುವಾಗ ಮೂಗು-ಬಾಯಿಗೆ ಬೈರಾಸು ಕಟ್ಟಿಕೊಳ್ಳಿ, ಇಲ್ಲವೇ ಹೊಯಿಗೆಯನ್ನು ಒದ್ದೆ ಮಾಡಿಯೇ ಜಾಲಿಸಿ. ಸಿಲಿಕಾ ಧೂಳು ಶ್ವಾಸಕೋಶಕ್ಕೆ ಹೋದರೆ ಹೊರಬರುವುದಿಲ್ಲ. ಕಲ್ಲಿನ ಕೋರೆಯಲ್ಲಿ ದುಡಿದವರ ಕೆಮ್ಮನ್ನು ಕೇಳಿದ ಯಾರಿಗೂ ಇದನ್ನು ಒತ್ತಿ ಹೇಳಬೇಕಿಲ್ಲ. ಕಿಟಕಿಗೆ ಹೊಡೆಯುವ ಸೊಳ್ಳೆ ಜಾಲರಿಯಲ್ಲಿ ದಾಟಿ ಬೀಳುವ ಕಾಳು ತೊಟ್ಟಿಗೆ ಸರಿಯಾದ ಗಾತ್ರ. ಮೇಲೆ ಉಳಿದ ಜಲ್ಲಿಯನ್ನು ಗಿಡದ ಕುಂಡದ ತಳಕ್ಕೆ ಹಾಕಿ.

ತೊಳೆಯುವ ಕೆಲಸ

ಅಕ್ಕಿ ಜಾಲಾಡಿಸಲು ಬಲ್ಲವರಿಗೆ ಹೊಯಿಗೆ ತೊಳೆಯಲು ಬರುತ್ತದೆ. ಬಾಲ್ದಿಯ ಕಾಲುಭಾಗಕ್ಕಿಂತ ಹೆಚ್ಚು ಹೊಯಿಗೆ ತುಂಬಬೇಡಿ. ಅದರ ಮೇಲೆ ಗೇಣುದ್ದ ನೀರು ನಿಲ್ಲಲಿ. ಕೈಯನ್ನು ತಳದವರೆಗೆ ಇಳಿಸಿ ಅಡಿಯದನ್ನು ಮೇಲೆತ್ತಿ ತಿರುವಿ. ಕೈ ತೆಗೆದು ಹತ್ತು ಎಣಿಸಿ, ಕೂಡಲೇ ಮೇಲಿನ ನೀರನ್ನು ಚೆಲ್ಲಿ. ಮತ್ತೆ ನೀರು, ಮತ್ತೆ ತಿರುವು.

ಈ ಹತ್ತು ಎಣಿಸುವುದರಲ್ಲಿ ಇಡೀ ಕೆಲಸದ ಗುಟ್ಟು ಇದೆ. ನೀರಿನಲ್ಲಿ ಕಣ ಬೀಳುವ ವೇಗ ಅದರ ಅಡ್ಡಳತೆಯ ವರ್ಗಕ್ಕೆ ತಕ್ಕಂತೆ ಇರುತ್ತದೆ. ಕಣ ಹತ್ತರಲ್ಲಿ ಒಂದರಷ್ಟು ಸಣ್ಣದಾದರೆ ವೇಗ ನೂರರಲ್ಲಿ ಒಂದಾಗುತ್ತದೆ. ಐರಿಷ್ ಮೂಲದ ವಿಜ್ಞಾನಿ ಜಾರ್ಜ್ ಸ್ಟೋಕ್ಸ್ 1851ರಲ್ಲಿ ಕೊಟ್ಟ ಈ ನಿಯಮ ನಯವಾದ ಕಣಗಳಿಗೆ ಅನ್ವಯಿಸುತ್ತದೆ. ಅರ್ಧ ಮಿಲಿಮೀಟರಿನ ಹೊಯಿಗೆ ಕಾಳು 10 ಸೆಂಟಿಮೀಟರ್ ನೀರನ್ನು ಎರಡು ಸೆಕೆಂಡಿನೊಳಗೆ ಇಳಿದುಬಿಡುತ್ತದೆ. 20 ಡಿಗ್ರಿ ಉಷ್ಣತೆಯ ನೀರಿನಲ್ಲಿ ಅಷ್ಟೇ ಆಳ ಇಳಿಯಲು 20 ಮೈಕ್ರಾನಿನ ಗೋಡಿನ ಕಣಕ್ಕೆ ಐದು ನಿಮಿಷ ಬೇಕು, 2 ಮೈಕ್ರಾನಿನ ಜೇಡಿಗೆ ಸುಮಾರು ಎಂಟು ಗಂಟೆ. ಹತ್ತು ಎಣಿಸುವಷ್ಟರಲ್ಲಿ ಬೇಕಾದದ್ದು ತಳ ಸೇರಿರುತ್ತದೆ, ಬೇಡದ್ದು ಇನ್ನೂ ತೇಲುತ್ತಿರುತ್ತದೆ. ಕದಡಿಟ್ಟು ಚಾ ಕುಡಿದು ಬಂದು ನೀರು ಚೆಲ್ಲುವವರು ತಿಳಿನೀರನ್ನು ಚೆಲ್ಲಿ ಗೋಡನ್ನು ಬಾಲ್ದಿಯಲ್ಲೇ ಉಳಿಸಿಕೊಳ್ಳುತ್ತಾರೆ. ತೊಳೆದಷ್ಟೂ ಕೊಳೆ ಹೋಗುತ್ತಿಲ್ಲವೆಂಬ ದೂರಿಗೆ ಹೆಚ್ಚಾಗಿ ಕಾರಣ ಇದು.

ಎಂ-ಸ್ಯಾಂಡಿಗೆ ಹದಿನೈದು ಇಪ್ಪತ್ತು ನೀರು ಬೇಕಾಗಬಹುದು. ಸುರಂಗದ ನೀರು ಬೆರಳು ಗಾತ್ರಕ್ಕೆ ಇಳಿಯುವ ಮಾರ್ಚ್‌, ಏಪ್ರಿಲ್‌ನಲ್ಲಿ ಇಷ್ಟು ನೀರು ಚೆಲ್ಲುವುದು ಸರಿಯಲ್ಲ. ಕಾಸರಗೋಡು ಜಿಲ್ಲೆಗೆ ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ, ಅದರ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆಟಿಯ ಮಳೆಯಲ್ಲಿ ಮಾಡಿನ ನೀರು ಬೀಳುವಲ್ಲಿ ಬಾಲ್ದಿ ಇಟ್ಟರೆ ಬೀಳುವ ಧಾರೆಯೇ ಹೊಯಿಗೆಯನ್ನು ಕಲಕುತ್ತದೆ, ಗೋಡು ಅಂಚಿನಿಂದ ತುಂಬಿ ಹರಿಯುತ್ತದೆ. ಆಗಾಗ ಒಮ್ಮೆ ಕೈಯಾಡಿಸಿದರೆ ಸಾಕು. ಹಂಚಿನ ಮಾಡು ಇದಕ್ಕೆ ಉತ್ತಮ. ಸತುವಿನ ಲೇಪದ ಹೊಸ ಶೀಟು, ಹೊಸದಾಗಿ ಬಣ್ಣ ಬಳಿದ ಮಾಡುಗಳ ನೀರು ಬೇಡ, ಸತುವೂ ಮೀನಿಗೆ ವಿಷ. ತೊಳೆದ ಕೆಸರುನೀರನ್ನು ಬಾಳೆಯ ಬುಡಕ್ಕೆ ಬಿಡಿ. ಬಚ್ಚಲಿನ ಪೈಪಿಗೆ ಬಿಟ್ಟರೆ ಅದು ಕಟ್ಟಿಕೊಳ್ಳುತ್ತದೆ.

ಸೋಪು, ಪಾತ್ರೆ ತೊಳೆಯುವ ದ್ರವ ಮುಟ್ಟಿಸಲೇಬಾರದು. ಅದರ ಅಂಶ ಕಾಳುಗಳ ನಡುವೆ ಉಳಿದು ಕಿವಿರಿನ ಪೊರೆಯನ್ನು ಹಾಳುಮಾಡುತ್ತದೆ. ಬ್ಲೀಚಿಂಗ್ ಪೌಡರ್ ಹಾಕಿ ಎಂದು ಸಲಹೆ ಕೊಡುವವರಿದ್ದಾರೆ. ಅದರ ಕ್ಲೋರಿನ್ ಬಿಸಿಲಿಗೆ ಹಾರಿಹೋದರೂ ಅದರೊಳಗಿನ ಸುಣ್ಣ ಹೊಯಿಗೆಯಲ್ಲೇ ನಿಲ್ಲುತ್ತದೆ. ಕಟ್ಟಡದ ಹೊಯಿಗೆಗೆ ಅದರ ಅಗತ್ಯವೇ ಇಲ್ಲ. ಕೊನೆಯ ನೀರಿಗೆ ಕುದಿನೀರು ಹೊಯ್ದು, ಅಡಿಕೆ ಒಣಗಿಸುವ ಅಂಗಳದಲ್ಲಿ ಟರ್ಪಾಲಿನ ಮೇಲೆ ತೆಳ್ಳಗೆ ಹರಡಿ ಎರಡು ಮೂರು ಒಳ್ಳೆಯ ಬಿಸಿಲು ಕಾಣಿಸಿದರೆ ಇಂಬಳ, ಹುಳದ ಮೊಟ್ಟೆ ಯಾವುದೂ ಉಳಿಯದು.

ಸಾಕೋ ಇನ್ನೂ ಬೇಕೋ ಎಂದು ತಿಳಿಯಲು ಒಂದು ಹಿಡಿ ಹೊಯಿಗೆಯನ್ನು ಗಾಜಿನ ಭರಣಿಗೆ ಹಾಕಿ ಶುದ್ಧ ನೀರು ತುಂಬಿ ಕುಲುಕಿ. ಅರ್ಧ ನಿಮಿಷದ ಮೇಲೆ ಭರಣಿಯ ಆಚೆ ಹಿಡಿದ ಪತ್ರಿಕೆಯ ಅಕ್ಷರ ಓದಲು ಬಂದರೆ ತೊಳೆದದ್ದು ಸಾಕು.

ಹಾಸುವುದು, ಕಾಯುವುದು

ಎರಡಡಿ ಉದ್ದ, ಒಂದಡಿ ಅಗಲದ ತೊಟ್ಟಿಗೆ ನಾಲ್ಕು ಸೆಂಟಿಮೀಟರ್ ದಪ್ಪ ಹಾಸಲು ಸುಮಾರು ಏಳೂ ಕಾಲು ಲೀಟರ್, ಅಂದರೆ ಹನ್ನೊಂದೂವರೆ ಕಿಲೋದಷ್ಟು ಒಣ ಹೊಯಿಗೆ ಹಿಡಿಯುತ್ತದೆ. ಧೂಳು, ಜಲ್ಲಿ ಕಳೆದು ಅಷ್ಟು ಉಳಿಯಬೇಕಾದರೆ ಹದಿನೆಂಟು ಕಿಲೋದಿಂದ ಆರಂಭಿಸಿ. ಇನ್ನೂ ದಪ್ಪ ಹಾಸುವ ಆಸೆ ಬೇಡ. ನಯವಾದ ಹೊಯಿಗೆ ದಪ್ಪವಾದಷ್ಟೂ ಅಡಿಗೆ ಆಮ್ಲಜನಕ ಇಳಿಯುವುದಿಲ್ಲ. ಅಲ್ಲಿ ಕಪ್ಪು ಕಲೆ ಕಟ್ಟಿ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ವಾರಕ್ಕೊಮ್ಮೆ ಕಡ್ಡಿಯಿಂದ ಮೆಲ್ಲಗೆ ಕೆದಕುತ್ತಿರಿ. ಹೊಯಿಗೆಯೊಳಗೆ ಹೊಕ್ಕು ಬದುಕುವ ಉದ್ದನೆಯ ಸುರುಳಿ ಬಸವನಹುಳಗಳಿದ್ದರೆ ಆ ಕೆಲಸ ಅವೇ ಮಾಡುತ್ತವೆ. ಹೊಯಿಗೆಯ ಅಡಿಯಲ್ಲಿ ಹುದುಗಿಸುವ ಪ್ಲೇಟ್ ಫಿಲ್ಟರ್ ಇದಕ್ಕೆ ಆಗದು, ಕಾಳು ಅದರ ತೂತಿನಲ್ಲಿ ಕೂರುತ್ತದೆ. ಸ್ಪಂಜಿನ ಫಿಲ್ಟರ್ ಸಾಕು.

ಗಿಡ ನೆಡುವವರಿಗೆ ನಮ್ಮ ಊರಿನಲ್ಲೇ ಒಂದು ಭಾಗ್ಯವಿದೆ. ತೊಳೆದ ಹೊಯಿಗೆಯಲ್ಲಿ ಸಾರವಿಲ್ಲ. ಗಿಡಕ್ಕೆ ಬೇಕಾದ ಕಬ್ಬಿಣಕ್ಕಾಗಿ ಜರ್ಮನಿಯ ಡುಪ್ಲಾ ಕಂಪನಿ ‘ಡುಪ್ಲಾರಿಟ್’ ಎಂದು ಮಾರಿದ್ದು ಲ್ಯಾಟರೈಟನ್ನು, ಅಂದರೆ ನಮ್ಮ ಮುರಕಲ್ಲಿನ ಜಾತಿಯ ಮಣ್ಣನ್ನೇ. ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪುರಂನಲ್ಲಿ ಕಂಡು 1807ರಲ್ಲಿ ಜಗತ್ತಿಗೆ ಹೆಸರಿಸಿ ತಿಳಿಸಿದ ಕಲ್ಲು ಅದು. ಮದ್ದು, ಗೊಬ್ಬರ ಬೀಳದ ಗುಡ್ಡದ ಬರೆಯಿಂದ ಒಂದೆರಡು ಹಿಡಿ ಮುರಕಲ್ಲಿನ ಹುಡಿ ತಂದು, ಹೊಯಿಗೆಯ ಕೆಳಗಿನ ಮೂರನೇ ಒಂದು ಪಾಲಿಗೆ ಬೆರೆಸಿ, ಮೇಲೆ ತೊಳೆದ ಹೊಯಿಗೆ ಮುಚ್ಚಿ. ಅದು ಮೇಲೆ ಬಂದರೆ ನೀರು ಕೆಂಪಾಗುತ್ತದೆ, ಹಾಗಾಗಿ ಗಿಡ ಕೀಳುವಾಗ ಮೆಲ್ಲಗೆ. ವ್ಯಾಲಿಸ್ನೇರಿಯಾ, ಕ್ರಿಪ್ಟೊಕೊರೈನ್‌ಗಳು ಇದರಲ್ಲಿ ಸೊಗಸಾಗಿ ಬೇರೂರುತ್ತವೆ.

ಹೊಯಿಗೆಯ ಮೇಲೆ ಊಟದ ತಟ್ಟೆಯಿಟ್ಟು ಅದರ ಮೇಲೆ ನೀರು ಹೊಯ್ಯಿರಿ, ಹಾಸು ಕದಡುವುದಿಲ್ಲ. ಮೊದಲ ದಿನ ನೀರು ಸ್ವಲ್ಪ ಮಬ್ಬಾಗಿದ್ದರೆ ಮರುದಿನಕ್ಕೆ ತಿಳಿಯಾಗುತ್ತದೆ. ತಿಳಿಯಾದ ಕೂಡಲೇ ಮೀನು ತುಂಬಬೇಡಿ. ಬಿಸಿಲು ಕುಡಿದ ಹೊಯಿಗೆಯಲ್ಲಿ ಬ್ಯಾಕ್ಟೀರಿಯಾ ಇಲ್ಲ. ಅವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಗಿಡ ನೆಟ್ಟು, ಪಂಪು ಹಾಕಿಟ್ಟು, ಎರಡು ಗಟ್ಟಿ ಮೀನುಗಳಿಂದ ಆರಂಭಿಸಿ, ತಿಂಡಿಯನ್ನು ಚಿಟಿಕೆಯಷ್ಟೇ ಹಾಕಿ. ಸ್ನೇಹಿತರ ಹಳೆಯ ತೊಟ್ಟಿಯಿಂದ ಒಂದು ಹಿಡಿ ಹೊಯಿಗೆ ತಂದು ಮೇಲೆ ಉದುರಿಸಿದರೆ ಕಾಯುವ ದಿನ ಕಡಿಮೆಯಾಗುತ್ತದೆ. ಮಕ್ಕಳಿಗೆ ಈ ಕಾಯುವಿಕೆ ಕಷ್ಟವೆಂದು ಬಲ್ಲೆ. ಮೀನು ಸತ್ತಾಗ ಅವರಿಗೆ ಆಗುವ ನೋವು ಅದಕ್ಕಿಂತ ದೊಡ್ಡದು.

ಮುಂದೊಂದು ದಿನ ತೊಟ್ಟಿ ಬೇಡವೆನಿಸಿದರೆ ಹೊಯಿಗೆಯನ್ನು ತೆಂಗಿನ ಬುಡಕ್ಕೆ ಹಾಕಿ. ಅದರಲ್ಲಿ ಸೇರಿದ ಸಾರವನ್ನು ಮರ ತೆಗೆದುಕೊಳ್ಳುತ್ತದೆ. ಮೀನುಗಳನ್ನು ಮಾತ್ರ ತೋಡಿಗೋ ಮದಕಕ್ಕೋ ಬಿಡಬೇಡಿ. ಈ ಹೊಳೆಗಳು ಪಶ್ಚಿಮ ಘಟ್ಟದವು, ಬೇರೆಲ್ಲೂ ಇಲ್ಲದ ಮೀನುಗಳ ಮನೆ. ಫ್ರಾನ್ಸಿಸ್ ಡೇ 1865ರಲ್ಲಿ ವರ್ಣಿಸಿದ, ‘ಮಿಸ್ ಕೇರಳ’ ಎಂದು ಹೆಸರಾದ ಕೆಂಪು ಗೆರೆಯ ಮೀನು ಕೇರಳ-ಕರ್ನಾಟಕದ ಘಟ್ಟದ ಹೊಳೆಗಳದ್ದು. ಅಕ್ವೇರಿಯಂ ವ್ಯಾಪಾರಕ್ಕಾಗಿ ಹಿಡಿದು ಹಿಡಿದು ಅದು ಈಗ ಅಳಿವಿನಂಚಿನ ಪಟ್ಟಿ ಸೇರಿದೆ. ಹೊರಗಿನ ಮೀನು ಬಂದು ಸೇರಿದರೆ ಇಂಥವುಗಳ ತಿಂಡಿ, ಜಾಗ, ಮೊಟ್ಟೆ ಎಲ್ಲಕ್ಕೂ ಪಾಲುದಾರ ಹುಟ್ಟಿಕೊಳ್ಳುತ್ತದೆ. ಸಾಕಲಾರದ ಮೀನನ್ನು ಅಂಗಡಿಗೆ ಮರಳಿಸಿ, ಇಲ್ಲವೇ ಸಾಕುವ ಇನ್ನೊಂದು ಮನೆಗೆ ಕೊಡಿ.